ಮನೆಯಲ್ಲೇ ವಾಯ್ಸ್ ಓವರ್: ಮೈಕ್ ಎಲ್ಲಿಡಬೇಕು, ಸ್ಕ್ರಿಪ್ಟ್ ಹೇಗಿರಬೇಕು

ವಾಯ್ಸ್ ಓವರ್, ಅಂದರೆ ವಿಡಿಯೋ, ಜಾಹೀರಾತಿಗೆ ಹಿನ್ನೆಲೆ ದನಿ ಕೊಡುವ ಕೆಲಸ ಶುರು ಮಾಡಬೇಕು ಅನ್ನುವವರು ಮೊದಲು ಕೇಳುವುದೇ ಯಾವ ಮೈಕ್ ತಗೊಳ್ಳಲಿ ಅಂತ. ಮೈಕ್ ಆಮೇಲೆ. ಮೊದಲು ಕೋಣೆಯ ಮಧ್ಯೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಆ ಸದ್ದು ಗೋಡೆಗೆ ಬಡಿದು ವಾಪಸ್ ಬಂತು ಅಂದರೆ, ಎಷ್ಟು ದುಬಾರಿ ಮೈಕ್ ತಂದರೂ ನಿಮ್ಮ ದನಿ ಖಾಲಿ ಮನೆಯಲ್ಲಿ ಮಾತಾಡಿದ ಹಾಗೇ ಕೇಳಿಸುತ್ತದೆ. ಟೈಲ್ಸ್ ನೆಲ, ಬೋಳು ಗೋಡೆ, ಗಾಜಿನ ಕಿಟಕಿ ಇರುವ ಕೋಣೆಯಲ್ಲಿ ಇದು ತಪ್ಪಿದ್ದಲ್ಲ.

ಬಟ್ಟೆ ತುಂಬಿದ ಬೀರು ಇರುವ ಚಿಕ್ಕ ಕೋಣೆ ಆರಿಸಿಕೊಳ್ಳಿ. ಬೀರುವಿನ ಬಾಗಿಲು ತೆರೆದು, ಅದರ ಕಡೆ ಮುಖ ಮಾಡಿ ನಿಲ್ಲಿ. ಮೈಕ್ ನಿಮ್ಮನ್ನೇ ನೋಡುತ್ತಿರುತ್ತದೆ, ಅಂದರೆ ನಿಮ್ಮ ಬೆನ್ನ ಹಿಂದಿನ ಗೋಡೆಯಿಂದ ಬರುವ ಸದ್ದೂ ಅದಕ್ಕೆ ಕೇಳಿಸುತ್ತದೆ, ಆದ್ದರಿಂದ ದಪ್ಪ ಕಂಬಳಿ ಅಥವಾ ರಜಾಯಿ ನೇತುಹಾಕುವುದಾದರೆ ಮೊದಲು ಬೆನ್ನ ಹಿಂದೆ ಹಾಕಿ. ಮೊಟ್ಟೆ ಟ್ರೇ ಅಂಟಿಸುವ ಗೋಜಿಗೆ ಹೋಗಬೇಡಿ, ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನ ಇಲ್ಲ. ಫ್ಯಾನ್ ಆಫ್. ಫೋನ್ ಏರೋಪ್ಲೇನ್ ಮೋಡ್‌ಗೆ. ಪಕ್ಕದ ಮನೆ ಕುಕ್ಕರ್ ಸೀಟಿ ಯಾವ ಹೊತ್ತಿಗೆ ಕೂಗುತ್ತದೆ ಅಂತ ಎರಡು ದಿನ ಗಮನಿಸಿ, ಆ ಹೊತ್ತು ಬಿಟ್ಟು ರೆಕಾರ್ಡ್ ಮಾಡಿ.

ಈಗ ಮೈಕ್. ಕಂಡೆನ್ಸರ್ ಮೈಕ್ ಬಹಳ ಸೂಕ್ಷ್ಮ, ದನಿ ಚೆನ್ನಾಗಿ ಹಿಡಿಯುತ್ತದೆ, ಜೊತೆಗೆ ಬೀದಿಯಲ್ಲಿ ಹೋಗುವ ಬೈಕನ್ನೂ ಹಿಡಿಯುತ್ತದೆ. ಗಲಾಟೆ ಇರುವ ಕಡೆ ಮನೆಯಿದ್ದರೆ ಡೈನಾಮಿಕ್ ಮೈಕ್ ವಾಸಿ. ಮೊದಲ ಸಲಕ್ಕೆ ಯುಎಸ್‌ಬಿ ಮೈಕ್ ಸಾಕು. ಎಕ್ಸ್‌ಎಲ್‌ಆರ್ ಕೇಬಲ್ಲಿನ ಮೈಕ್ ಆದರೆ ಆಡಿಯೋ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪುಟ್ಟ ಸಾಧನ) ಬೇಕು, ಅದರಲ್ಲೂ ಕಂಡೆನ್ಸರ್ ಆದರೆ ಮೈಕಿಗೆ ವಿದ್ಯುತ್ ಕೊಡುವ 48 ವೋಲ್ಟ್ ಫ್ಯಾಂಟಮ್ ಪವರ್ ಸ್ವಿಚ್ ಹಾಕಬೇಕು. ಇನ್ನೊಂದು ಮಾತು, ಕೆಲವು ಮೈಕ್‌ಗಳಿಗೆ ಪಕ್ಕದ ಮೈ ಕಡೆಯಿಂದ ಮಾತಾಡಬೇಕು, ತುದಿಗೆ ಬಾಯಿಟ್ಟರೆ ದನಿ ಮಂಕಾಗುತ್ತದೆ, ಡಬ್ಬಿಯಲ್ಲಿರುವ ಚಿತ್ರ ನೋಡಿಕೊಳ್ಳಿ.

ದೂರ ಎಷ್ಟಿರಬೇಕು? ಚೋಟಿಗಿಂತ ಹತ್ತಿರ ಬೇಡ, ಗೇಣಿಗಿಂತ ದೂರ ಬೇಡ. 15ರಿಂದ 20 ಸೆಂಟಿಮೀಟರ್ ಅಂದುಕೊಳ್ಳಿ. ತೀರಾ ಹತ್ತಿರ ಹೋದರೆ ದನಿ ಗಡಸಾಗಿ ಗುಂಯ್ ಅನ್ನುತ್ತದೆ, ದೂರ ಹೋದರೆ ಕೋಣೆಯ ಸದ್ದು ಸೇರಿಕೊಳ್ಳುತ್ತದೆ.

ಮೈಕನ್ನು ಬಾಯಿಗೆ ನೇರವಾಗಿ ಇಡಬೇಡಿ. ಯಾಕೆ ಅಂತ ಈಗಲೇ ನೋಡಿಬಿಡಿ. ಅಂಗೈಯನ್ನು ಬಾಯಿ ಎದುರು ಹಿಡಿದು 'ಭಯ', 'ಫಲ', 'ಖಂಡಿತ' ಅನ್ನಿ. ಗಾಳಿ ಅಂಗೈಗೆ ಬಡಿಯಿತಲ್ವಾ? ಮೈಕಿಗೆ ಬಡಿದರೆ ಅದೇ ಗಾಳಿ 'ಧಪ್' ಅಂತ ಕೇಳುತ್ತದೆ. ಈಗ ಅಂಗೈಯನ್ನು ನಿಧಾನವಾಗಿ ಬಾಯಿಯ ಪಕ್ಕಕ್ಕೆ ಸರಿಸುತ್ತಾ ಅದೇ ಪದಗಳನ್ನು ಹೇಳಿ. ಒಂದು ಕಡೆ ಗಾಳಿ ನಿಂತುಹೋಗುತ್ತದೆ. ಮೈಕ್ ಅಲ್ಲಿಡಿ, ಮುಖ ನಿಮ್ಮ ಬಾಯಿ ಕಡೆಗೇ ತಿರುಗಿರಲಿ. ಮಹಾಪ್ರಾಣಗಳನ್ನು ಒತ್ತಿ ಹೇಳಬೇಕಾದ ಕನ್ನಡದಲ್ಲಿ ಇದು ತುಂಬಾ ಮುಖ್ಯ, ಗಾಳಿ ತಡೆಯಲು ಮೈಕ್ ಮುಂದೆ ಇಡುವ ಪಾಪ್ ಫಿಲ್ಟರ್ ಇದ್ದರೂ ಈ ಓರೆ ಬಿಡಬೇಡಿ.

ಲೆವೆಲ್, ಅಂದರೆ ರೆಕಾರ್ಡ್ ಆಗುವ ದನಿಯ ಮಟ್ಟದ ವಿಷಯ ಚಿಕ್ಕದು. ಸ್ಕ್ರಿಪ್ಟಿನಲ್ಲಿ ಅತಿ ಜೋರಾದ ಸಾಲು ಓದಿ, ಮೀಟರ್ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಮುಟ್ಟುವ ಹಾಗೆ ಗೇನ್ (ಮೈಕಿನ ದನಿಯನ್ನು ಹೆಚ್ಚು ಕಡಿಮೆ ಮಾಡುವ ಗುಂಡಿ) ಇಡಿ. ರೆಕಾರ್ಡಿಂಗ್, ಎಡಿಟಿಂಗ್ ಎರಡಕ್ಕೂ ಆಗುವ ಆಡಾಸಿಟಿ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಶುರುವಿಗೆ ಅದು ಸಾಕು. ಅದರ ಸೆಟ್ಟಿಂಗ್ ಹೀಗಿರಲಿ: ಮೋನೋ, 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್. ಓದುವ ಮೊದಲು 10 ಸೆಕೆಂಡ್ ಸುಮ್ನೆ ನಿಂತು ಕೋಣೆಯ ಮೌನ ರೆಕಾರ್ಡ್ ಮಾಡಿ, ಎಡಿಟಿಂಗ್‌ನಲ್ಲಿ ಬೇಕಾಗುತ್ತದೆ.

ಇನ್ನು ಸ್ಕ್ರಿಪ್ಟ್. ಕೆಲಸ ಕೆಡುವುದು ಜಾಸ್ತಿ ಇಲ್ಲೇ. ಹಳೇ 'ನುಡಿ' ಅಥವಾ 'ಬರಹ' ಸಾಫ್ಟ್‌ವೇರಿನ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್ ಕೆಲವೊಮ್ಮೆ ಬರುತ್ತದೆ, ಟ್ಯಾಬ್‌ನಲ್ಲಿ ತೆರೆದರೆ ಬರೀ ಗೀಚು. ಹಿಂದಿನ ದಿನವೇ ಎಲ್ಲ ಕಡೆ ಸರಿಯಾಗಿ ಕಾಣುವ ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರ, ಅರ್ಕಾವತ್ತು ಸರಿ ಬಂದಿದೆಯಾ ನೋಡಿಕೊಳ್ಳಿ.

ಆಮೇಲೆ ಜೋರಾಗಿ ಓದಿ. ಮನಸ್ಸಿನಲ್ಲಿ ಓದಿದರೆ ತಪ್ಪು ಸಿಗುವುದಿಲ್ಲ. ಉದಾಹರಣೆಗೆ ಸ್ಕ್ರಿಪ್ಟ್ ಹೀಗೆ ಬಂದಿದೆ ಅಂದುಕೊಳ್ಳಿ: "ಸದರಿ ಯೋಜನೆಯಡಿಯಲ್ಲಿ ಅರ್ಹ ಫಲಾನುಭವಿಗಳಿಗೆ 2,50,000 ರೂ.ಗಳ ಸಹಾಯಧನವನ್ನು ನೀಡಲಾಗುವುದು." ಬರೆಸಿದವರ ಒಪ್ಪಿಗೆ ಪಡೆದು ನಾನು ಹೀಗೆ ಮಾಡಿಕೊಳ್ಳುತ್ತೇನೆ: "ಈ ಯೋಜನೆಯಲ್ಲಿ / ಅರ್ಹರಾದವರಿಗೆ / ಎರಡೂವರೆ ಲಕ್ಷ ರೂಪಾಯಿ / ಸಹಾಯಧನ ಸಿಗುತ್ತದೆ." ಅಂಕಿಗಳೆಲ್ಲ ಅಕ್ಷರದಲ್ಲಿ. 1956 ಅಂತಿದ್ದರೆ 'ಸಾವಿರದ ಒಂಬೈನೂರ ಐವತ್ತಾರು' ಅಂತ ಬರೆದಿಡಿ, ಓದುವಾಗ ಲೆಕ್ಕ ಹಾಕುತ್ತಾ ನಿಂತರೆ ದನಿ ಅಲ್ಲೇ ಮುಗ್ಗರಿಸುತ್ತದೆ. ಒಂದು ಗೆರೆ ಅಂದರೆ ಚಿಕ್ಕ ನಿಲುಗಡೆ, ಎರಡು ಗೆರೆ ಅಂದರೆ ಉಸಿರು. ಅ-ಹ, ಲ-ಳ, ಶ-ಸ ಎಲ್ಲಿ ನಿಮ್ಮ ನಾಲಿಗೆ ಜಾರುತ್ತದೆ ಅಂತ ನಿಮಗೇ ಗೊತ್ತು, ಆ ಅಕ್ಷರಕ್ಕೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ.

ಊರ ಹೆಸರುಗಳನ್ನು ಮಾತ್ರ ನಂಬಬೇಡಿ. ಇಂಗ್ಲಿಷ್‌ನಿಂದ ಅನುವಾದವಾದ ಸ್ಕ್ರಿಪ್ಟ್ ಒಂದರಲ್ಲಿ ಸಂಡೂರು 'ಸಂದೂರು' ಆಗಿತ್ತು. ನಾನು ಹಾಗೇ ಓದಿ ಕಳಿಸಿಬಿಟ್ಟೆ. ಆ ಕಡೆಯವರೇ ಕೇಳಿ, ನಮ್ಮೂರ ಹೆಸರೂ ಗೊತ್ತಿಲ್ವಾ ಅಂದರು. ಅವರ ಬೇಸರ ನ್ಯಾಯವಾದದ್ದು. ಅಂದಿನಿಂದ ಊರು, ಮನುಷ್ಯರ ಹೆಸರು ಬಂದರೆ ಆ ಭಾಗದವರೊಬ್ಬರಿಗೆ ಫೋನ್ ಮಾಡಿ ಕೇಳದೆ ಓದುವುದಿಲ್ಲ.

ಅಕ್ಷರ 18 ಪಾಯಿಂಟ್ ಇರಲಿ, ಸಾಲುಗಳ ನಡುವೆ ಜಾಗ ಬಿಡಿ, ವಾಕ್ಯ ಅರ್ಧಕ್ಕೆ ಮುಂದಿನ ಪುಟಕ್ಕೆ ಹೋಗದಿರಲಿ. ಕಾಗದವಾದರೆ ಪಿನ್ ಹೊಡೆಯಬೇಡಿ, ತಿರುವುವ ಸದ್ದು ಬರುತ್ತದೆ. ಸ್ಕ್ರಿಪ್ಟನ್ನು ಕಣ್ಣಿನ ಮಟ್ಟಕ್ಕೆ ಇಡಿ, ಮೇಜಿನ ಮೇಲಿಟ್ಟು ತಲೆ ಬಗ್ಗಿಸಿದರೆ ಗಂಟಲು ಒತ್ತಿ ದನಿ ಕುಗ್ಗುತ್ತದೆ.

ಓದುವಾಗ ತಪ್ಪಿದರೆ ರೆಕಾರ್ಡಿಂಗ್ ನಿಲ್ಲಿಸಬೇಡಿ. ಒಂದು ಚಪ್ಪಾಳೆ ತಟ್ಟಿ, ಆ ವಾಕ್ಯವನ್ನು ಮೊದಲಿಂದ ಓದಿ, ಎಡಿಟ್ ಮಾಡುವಾಗ ಪರದೆಯ ಮೇಲೆ ಆ ಚಪ್ಪಾಳೆಯ ಎತ್ತರದ ಗೆರೆ ದೂರದಿಂದಲೇ ಕಾಣುತ್ತದೆ.

ಎಲ್ಲ ಮುಗಿದ ಮೇಲೆ ಏನನ್ನೂ ಎತ್ತಿಡುವ ಮೊದಲು ಸ್ಟ್ಯಾಂಡಿನ ಕಾಲು ಮತ್ತು ನೀವು ನಿಂತ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿ, ಗೇನ್ ಎಷ್ಟಿತ್ತು ಅಂತ ಸ್ಕ್ರಿಪ್ಟಿನ ಅಂಚಿನಲ್ಲೇ ಬರೆದಿಡಿ. ನಾಲ್ಕು ದಿನ ಬಿಟ್ಟು "ಒಂದೇ ಒಂದು ಸಾಲು ಬದಲಾಯಿಸಿ ಕೊಡಿ" ಅಂತ ಫೋನ್ ಬಂದಾಗ, ಆ ಸಾಲು ಹಳೆಯದರ ಜೊತೆ ಹೊಂದಬೇಕಲ್ವಾ.