ಗದ್ದದ ಕೂದಲು, ರೇಜರ್ ಮತ್ತು ಲೇಸರ್: ನನ್ನ ಅನುಭವ

ಹದಿಮೂರು ವರ್ಷ ನನ್ನ ಬ್ಯಾಗಿನಲ್ಲಿ ಕೂದಲು ಕೀಳುವ ಚಿಮಟವೊಂದು ಇತ್ತು. ತುಮಕೂರಿನಿಂದ ಗುಬ್ಬಿಯ ಶಾಲೆಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯ ಬೆಳಕಿಗೆ ಕನ್ನಡಿ ಹಿಡಿದರೆ, ಮನೆಯಲ್ಲಿ ಕಣ್ಣಿಗೆ ಬೀಳದ ಕೂದಲೂ ಕಾಣುತ್ತಿತ್ತು. ನೋಟ್‌ಬುಕ್ ತಿದ್ದುವಾಗ ಎಡಗೈ ತಾನಾಗಿಯೇ ಗದ್ದ ಸವರುತ್ತಿತ್ತು. ಹತ್ತು ದಿನಕ್ಕೊಮ್ಮೆ ಥ್ರೆಡಿಂಗ್, ನಡುವೆ ಚಿಮಟ. ಕಿತ್ತು ಕಿತ್ತು ಗದ್ದದ ಚರ್ಮವೇ ಕಪ್ಪಾಗಿತ್ತು.

ಹತ್ತೊಂಬತ್ತನೆಯ ವಯಸ್ಸಿಗೆ ಪಿಸಿಓಎಸ್, ಅಂದರೆ ಹಾರ್ಮೋನ್ ಏರುಪೇರಾಗಿ ಅಂಡಾಶಯಕ್ಕೆ ಬರುವ ತೊಂದರೆ, ಇದೆ ಎಂದು ಗೊತ್ತಾಗಿತ್ತು. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿತ್ತು. ವೈದ್ಯರು ಅದಕ್ಕೆ ಮಾತ್ರೆ ಕೊಟ್ಟರು, ತೂಕ ಇಳಿಸಲು ಹೇಳಿದರು. ಕೂದಲಿನ ವಿಷಯ ಅವರೂ ಎತ್ತಲಿಲ್ಲ, ನಾಚಿಕೆಯಿಂದ ನಾನೂ ಕೇಳಲಿಲ್ಲ. ಮುಟ್ಟಿನ ತೊಂದರೆಗೂ ಗದ್ದದ ಕೂದಲಿಗೂ ಬೇರು ಒಂದೇ ಎಂದು ಅಂದೇ ಯಾರಾದರೂ ಹೇಳಬೇಕಿತ್ತು.

ಮೊದಲ ಸಲ ಲೇಸರ್ ಮಾಡಿಸಿಕೊಂಡಿದ್ದು ಒಂದು ಸೌಂದರ್ಯ ಕೇಂದ್ರದಲ್ಲಿ. ಯಾವ ಯಂತ್ರ ಎಂದು ನಾನು ಕೇಳಲಿಲ್ಲ. ಥ್ರೆಡಿಂಗ್ ಮಾಡಿಸಿ ಎಷ್ಟು ದಿನವಾಯಿತು ಎಂದು ಅವರೂ ಕೇಳಲಿಲ್ಲ. ಮರುದಿನ ದವಡೆಯ ಮೇಲೆ ಎರಡು ಕಡೆ ಚರ್ಮ ಕಂದಿತು, ವಾರದೊಳಗೆ ಕಾಫಿ ಬಣ್ಣದ ಕಲೆಯಾಯಿತು. ಅದು ಮಾಸಲು ಎಂಟು ತಿಂಗಳು ಹಿಡಿಯಿತು. ಕಾರಣ ತಿಳಿದದ್ದು ಆಮೇಲೆ. ಲೇಸರ್ ಬೆಳಕನ್ನು ಹೀರುವುದು ಕೂದಲಿನ ಕಪ್ಪು ಬಣ್ಣ, ಅಂದರೆ ಮೆಲನಿನ್. ಆ ಬಿಸಿಯೇ ಬುಡವನ್ನು ಸುಡಬೇಕು. ನಮ್ಮಂಥ ಕಂದು ಚರ್ಮದ ಮೇಲ್ಪದರದಲ್ಲೂ ಅದೇ ಮೆಲನಿನ್ ತುಂಬಿರುತ್ತದೆ. ಯಂತ್ರ, ಶಕ್ತಿಯ ಮಟ್ಟ ತಪ್ಪಿದರೆ ಚರ್ಮವೇ ಆ ಬೆಳಕನ್ನು ಹೀರಿ ಸುಡುತ್ತದೆ. ಮೇಲಾಗಿ ಥ್ರೆಡಿಂಗ್‌ನಲ್ಲಿ ಕೂದಲು ಬುಡಸಮೇತ ಬಂದಿರುವಾಗ ಒಳಗೆ ಬೆಳಕು ಹೀರಲು ಏನೂ ಉಳಿದಿರುವುದಿಲ್ಲ.

ಎರಡು ವರ್ಷ ಬಿಟ್ಟು ಚರ್ಮರೋಗ ತಜ್ಞೆಯೊಬ್ಬರ ಬಳಿ ಹೋದೆ. ಮೊದಲ ದಿನ ಅವರು ಯಂತ್ರವನ್ನೇ ಮುಟ್ಟಲಿಲ್ಲ. ಮೇಲ್ದುಟಿ, ಗದ್ದ, ಎದೆ, ಹೊಟ್ಟೆ, ಬೆನ್ನು ಹೀಗೆ ದೇಹದ ಒಂಬತ್ತು ಕಡೆ ನೋಡಿ ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಹಾಕಿದರು. ಫೆರಿಮನ್-ಗಾಲ್ವೇ ಎಂಬ ಈ ಅಳತೆಯಲ್ಲಿ ನನಗೆ 36ಕ್ಕೆ 14 ಬಂತು. ಟೆಸ್ಟೋಸ್ಟೆರಾನ್, ಥೈರಾಯ್ಡ್, ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನ್ ಪರೀಕ್ಷೆಗಳಿಗೆ ಬರೆದುಕೊಟ್ಟರು. ಕೂದಲು ಕೆಲವೇ ತಿಂಗಳಲ್ಲಿ ದಿಢೀರನೆ ಹೆಚ್ಚಿತೇ, ಧ್ವನಿ ಗಡುಸಾಯಿತೇ ಎಂದು ಎರಡು ಸಲ ಕೇಳಿದರು. ಹಾಗಾದರೆ ಗಡ್ಡೆಯೇನಾದರೂ ಇದೆಯೇ ಎಂದು ತಕ್ಷಣ ನೋಡಬೇಕಂತೆ. ನನಗೆ ಹಾಗಿರಲಿಲ್ಲ.

ಅವರ ಒಂದು ಮಾತು ಮನಸ್ಸಿನಲ್ಲಿ ಉಳಿದಿದೆ: "ಇರುವ ಕೂದಲನ್ನು ನಾನು ಸುಡಬಲ್ಲೆ ಅಮ್ಮಾ, ಹೊಸದನ್ನು ಹುಟ್ಟಿಸುವ ಹಾರ್ಮೋನಿಗೆ ಮಾತ್ರೆಯೇ ಬೇಕು." ರಕ್ತದಲ್ಲಿ ಇನ್ಸುಲಿನ್ ಹೆಚ್ಚಿದ್ದರೆ ಅಂಡಾಶಯವು ಗಂಡಸರಲ್ಲಿ ಹೆಚ್ಚಿರುವ ಆಂಡ್ರೋಜನ್ ಹಾರ್ಮೋನನ್ನು ಹೆಚ್ಚು ತಯಾರಿಸುತ್ತದೆ, ಅದು ಎಳೆ ರೋಮವನ್ನು ದಪ್ಪ ಕೂದಲಾಗಿಸುತ್ತದೆ. ಹಾರ್ಮೋನ್ ತಜ್ಞರು ಮೊದಲು ಗರ್ಭನಿರೋಧಕ ಮಾತ್ರೆ, ಕೆಲವು ತಿಂಗಳ ನಂತರ ಜೊತೆಗೆ ಆಂಡ್ರೋಜನ್ ಕೆಲಸವನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ಕೊಟ್ಟರು. ಇದನ್ನು ತೆಗೆದುಕೊಳ್ಳುವಾಗ ಗರ್ಭ ಧರಿಸಬಾರದು, ಮಗುವಿಗೆ ತೊಂದರೆ ಎಂದು ಒತ್ತಿ ಹೇಳಿದರು. ಫಲ ಕಾಣಲು ಆರು ತಿಂಗಳಾದರೂ ಬೇಕು ಎಂದರು, ಹಾಗೆಯೇ ಆಯಿತು.

ಎಲ್ಲಕ್ಕಿಂತ ಕಷ್ಟವಾದದ್ದು ಲೇಸರ್‌ಗೆ ಮುಂಚಿನ ತಿಂಗಳು. ಕೀಳುವಂತಿಲ್ಲ, ಥ್ರೆಡಿಂಗ್ ಇಲ್ಲ, ವ್ಯಾಕ್ಸ್ ಇಲ್ಲ. ರೇಜರ್ ಮಾತ್ರ. ಅಮ್ಮ ಚಿಕ್ಕಂದಿನಿಂದ ಕಸ್ತೂರಿ ಅರಿಶಿನ, ಕಡಲೆಹಿಟ್ಟು ಹಚ್ಚಿ ಉಜ್ಜಿ ಸಾಕಿದವಳು. ಬಚ್ಚಲಿನಲ್ಲಿ ರೇಜರ್ ಕಂಡು "ಬೇಡ ಪುಟ್ಟೀ, ಗಡ್ಡ ಬರುತ್ತದೆ" ಎಂದು ಅತ್ತೇಬಿಟ್ಟಳು. ರೇಜರ್‌ನಿಂದ ಕೂದಲು ದಪ್ಪವಾಗುವುದಿಲ್ಲ. ಕತ್ತರಿಸಿದ ತುದಿ ಮೊಂಡಾಗಿ ಕೈಗೆ ಒರಟಾಗಿ ಸಿಗುತ್ತದೆ, ಅಷ್ಟೇ. ಇದನ್ನು ಅಮ್ಮನಿಗೆ ಹೇಳುವ ಮೊದಲು ನನಗೇ ನಾನು ಹಲವು ಸಲ ಹೇಳಿಕೊಳ್ಳಬೇಕಾಯಿತು.

ನನ್ನ ಚರ್ಮಕ್ಕೆ ಆ ಚರ್ಮರೋಗ ತಜ್ಞೆ ಆರಿಸಿದ್ದು 1064 ನ್ಯಾನೋಮೀಟರ್ ತರಂಗಾಂತರದ ಎನ್‌ಡಿ-ಯಾಗ್ ಲೇಸರ್. ಅದರ ಬೆಳಕನ್ನು ಮೇಲ್ಪದರ ಕಡಿಮೆ ಹೀರುತ್ತದೆ, ಅದು ಆಳಕ್ಕೆ ಇಳಿಯುತ್ತದೆ. ಕಿವಿಯ ಕೆಳಗೆ ಸ್ವಲ್ಪ ಜಾಗದಲ್ಲಿ ಪರೀಕ್ಷಿಸಿ ಎರಡು ವಾರ ಕಾದರು. ಕಲೆ ಬೀಳಲಿಲ್ಲ. ಆಮೇಲೆ ಪೂರ್ತಿ ಗದ್ದ. ಕಣ್ಣಿಗೆ ಕಪ್ಪು ಮುಚ್ಚಳ, ಚರ್ಮದ ಮೇಲೆ ತಣ್ಣನೆಯ ಗಾಳಿ. ಒಗ್ಗರಣೆಯ ಸಾಸಿವೆ ಸಿಡಿದು ಕೈಗೆ ತಾಗುತ್ತದಲ್ಲ, ಪ್ರತಿ ಹೊಡೆತವೂ ಹಾಗಿತ್ತು. ಮೇಲ್ದುಟಿಯ ಮೇಲೆ ಕಣ್ಣೀರೇ ಬಂತು. ಸುಟ್ಟ ಕೂದಲಿನ ವಾಸನೆ. ಕನ್ನಡಿ ಕೊಟ್ಟಾಗ ಒಂದೊಂದು ಕೂದಲಿನ ಬುಡವೂ ಕೆಂಪಗೆ ಚುಕ್ಕಿಯಂತೆ ಉಬ್ಬಿತ್ತು. ನಾನು ಗಾಬರಿಯಾದೆ. ಬುಡಕ್ಕೆ ಬಿಸಿ ತಲುಪಿದ ಗುರುತು ಅದು, ಹೀಗೇ ಆಗಬೇಕು ಎಂದರು. ಸಂಜೆಯೊಳಗೆ ಇಳಿಯಿತು.

ಹತ್ತು ಹನ್ನೆರಡು ದಿನಕ್ಕೆ ಕೂದಲು ಮತ್ತೆ ಬೆಳೆದಂತೆ ಕಂಡು ಎದೆ ಒಡೆದುಹೋಯಿತು. ಸ್ನಾನ ಮಾಡಿ ಟವೆಲಿನಲ್ಲಿ ಮೆಲ್ಲಗೆ ಒತ್ತಿದಾಗ ಕರಿಮೆಣಸಿನ ಪುಡಿಯಂತೆ ಉದುರಿ ಬಂದವು. ಸತ್ತ ಕೂದಲು ಹೊರಬೀಳುತ್ತಿತ್ತು. ಇದು ಮೊದಲೇ ಗೊತ್ತಿದ್ದರೆ ಎರಡು ರಾತ್ರಿ ನಿದ್ದೆಗೆಡುತ್ತಿರಲಿಲ್ಲ.

ಬೆಳೆಯುವ ಹಂತದಲ್ಲಿರುವ ಕೂದಲಿಗೆ ಮಾತ್ರ ಲೇಸರ್ ಸರಿಯಾಗಿ ತಾಗುವುದರಿಂದ ಐದು ವಾರಕ್ಕೊಮ್ಮೆಯಂತೆ ಎಂಟು ಸಲ ಹೋದೆ. ಪ್ರತಿ ಸಲಕ್ಕೂ 3,000 ರೂಪಾಯಿ. ಕೆನ್ನೆಯ ನವಿರು ರೋಮಕ್ಕೂ ಮಾಡಿ ಎಂದು ಹಟ ಹಿಡಿದೆ. ಅವರು ಖಡಾಖಂಡಿತವಾಗಿ ಒಪ್ಪಲಿಲ್ಲ. ಪಿಸಿಓಎಸ್ ಇರುವವರ ಮುಖದ ಎಳೆ ರೋಮಕ್ಕೆ ಲೇಸರ್ ಬಿದ್ದರೆ ಕೆಲವೊಮ್ಮೆ ಅದು ದಪ್ಪಗೆ, ಕಪ್ಪಗೆ ಬೆಳೆಯುತ್ತದೆ. ದುಡ್ಡು ಬರುತ್ತದೆಂದು ಒಪ್ಪಿಕೊಳ್ಳದ ಆ ವೈದ್ಯೆಗೆ ನಾನು ಋಣಿ.

ಈಗ ಮೂರನೆಯ ವರ್ಷ. ನಾಲ್ಕು ತಿಂಗಳಿಗೊಮ್ಮೆ ಹೋಗುತ್ತೇನೆ, ಬಹುಶಃ ಮುಂದೆಯೂ ಹೋಗಬೇಕಾಗುತ್ತದೆ. ನಡುವೆ ಮಾತ್ರೆ ಬಿಟ್ಟಾಗ ಆರು ತಿಂಗಳಲ್ಲಿ ಗದ್ದದಡಿ ಮತ್ತೆ ಚಿಗುರಿತ್ತು. ಎರಡು ಬಿಳಿ ಕೂದಲು ಬಂದಿವೆ. ಬಣ್ಣವಿಲ್ಲದ ಕೂದಲಿಗೆ ಲೇಸರ್ ನಾಟುವುದಿಲ್ಲ, ಅವನ್ನು ಎಲೆಕ್ಟ್ರಾಲಿಸಿಸ್‌ನಲ್ಲಿ, ಅಂದರೆ ಬುಡಕ್ಕೆ ಸಣ್ಣ ಸೂಜಿಯಿಂದ ವಿದ್ಯುತ್ ಹಾಯಿಸಿ, ಒಂದೊಂದಾಗಿ ತೆಗೆಸಬೇಕು.

ಕಳೆದ ತಿಂಗಳು ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಬೇಸಿಗೆಯಲ್ಲೂ ವೇಲ್ ಗದ್ದಕ್ಕೆ ಸುತ್ತಿಕೊಂಡು ಕೂರುವುದನ್ನು ಕಂಡೆ. ಅವಳ ತಾಯಿಯನ್ನು ಕರೆಸಿ, ಲೇಸರ್ ಮಾತೆತ್ತದೆ, ಮುಟ್ಟು ಸರಿಯಾಗಿ ಆಗುತ್ತಿದೆಯೇ ಎಂದು ಮೊದಲು ಕೇಳಿದೆ. ಆಗುತ್ತಿರಲಿಲ್ಲ. ವೈದ್ಯರ ಬಳಿ ಕರೆದೊಯ್ಯಲು ಹೇಳಿದೆ. ಹೊರಡುವಾಗ ಆ ತಾಯಿ ಬಾಗಿಲ ಬಳಿ ನಿಂತು, ದನಿ ತಗ್ಗಿಸಿ ಕೇಳಿದರು: "ಅಲ್ಲಿಯವರೆಗೆ ರೇಜರ್ ಹಾಕಬಹುದೇ ಮೇಡಂ?" ಹಾಕಬಹುದು ಎಂದೆ. ಹೇಗೆ ಎಂದು ತೋರಿಸಿಯೂ ಕೊಟ್ಟೆ.