ಟೂರಿಂಗ್ ಬೈಕಿಗೆ ಸ್ಟಿಯರಿಂಗ್ ಡ್ಯಾಂಪರ್ ಬೇಕೇ? ಕೊಳ್ಳುವ ಮುನ್ನ ಮಾಡಬೇಕಾದ ಪರೀಕ್ಷೆಗಳು

ಮಳೆ ಹಿಂದಾಗಿ ಅಕ್ಟೋಬರ್ ಬಂತೆಂದರೆ ಬೆಂಗಳೂರಿನ ಬೈಕುಗಳಿಗೆ ಸೈಡ್ ಬಾಕ್ಸು, ಟಾಪ್ ಬಾಕ್ಸು ಏರುತ್ತವೆ. ತುಮಕೂರು ರಸ್ತೆ ಹಿಡಿದು ನೆಲಮಂಗಲ ದಾಟಿದ ಮೇಲೆ ಹಲವರಿಗೆ ಒಂದೇ ತೊಂದರೆ ಕಾಣುತ್ತದೆ. 80ರಲ್ಲಿ ಹೋಗುತ್ತಿದ್ದವರು ಆಕ್ಸಿಲರೇಟರ್ ಬಿಟ್ಟರೆ, ವೇಗ 70–60ಕ್ಕೆ ಇಳಿಯುವಾಗ ಹ್ಯಾಂಡಲ್ ಸಣ್ಣಗೆ ಅದುರತೊಡಗುತ್ತದೆ. ಕೈ ಬಿಗಿ ಹಿಡಿದರೆ ನಿಲ್ಲುತ್ತದೆ, ಸಡಿಲಿಸಿದರೆ ಮತ್ತೆ ಶುರು. ಗೆಳೆಯರ ಸಲಹೆ ಸಿದ್ಧವಾಗಿಯೇ ಇರುತ್ತದೆ: ‘ಸ್ಟಿಯರಿಂಗ್ ಡ್ಯಾಂಪರ್ ಹಾಕಿಸಿಬಿಡಿ.’

ನೇರ ಉತ್ತರ ಇದು. ನಮ್ಮಲ್ಲಿ ಹೆಚ್ಚು ಓಡುವ 350ರಿಂದ 650 ಸಿಸಿಯ ಟೂರಿಂಗ್ ಬೈಕುಗಳು ಡ್ಯಾಂಪರ್ ಇಲ್ಲದೆಯೇ ನೆಟ್ಟಗೆ ಓಡುವಂತೆ ತಯಾರಾಗಿವೆ. ಅಂಥ ಬೈಕು ಅದುರುತ್ತಿದ್ದರೆ ಏನೋ ಸವೆದಿದೆ, ಸಡಿಲಾಗಿದೆ, ಇಲ್ಲವೇ ಭಾರ ತಪ್ಪು ಜಾಗದಲ್ಲಿ ಕೂತಿದೆ. ಅದನ್ನು ಹುಡುಕದೆ ಡ್ಯಾಂಪರ್ ಹಾಕಿದರೆ ಅದುರು ಅಡಗುತ್ತದೆ, ದೋಷ ಒಳಗೇ ಬೆಳೆಯುತ್ತದೆ. ಸವೆದ ಬೇರಿಂಗ್ ನಿಮಗೆ ಕೊಡುತ್ತಿದ್ದ ಎಚ್ಚರಿಕೆಯನ್ನೇ ಬಾಯಿ ಮುಚ್ಚಿಸಿದ ಹಾಗೆ.

ಡ್ಯಾಂಪರ್ ಮಾಡುವ ಕೆಲಸ

ಬ್ಯಾಂಕಿನ ಬಾಗಿಲ ಮೇಲೆ ಕೂರಿಸುವ ಎಣ್ಣೆಯ ಕ್ಲೋಸರ್ ನೋಡಿದ್ದೀರಲ್ಲ, ತತ್ವ ಅದೇ. ಕೊಳವೆಯೊಳಗೆ ಎಣ್ಣೆ, ಅದರಲ್ಲಿ ಪಿಸ್ಟನ್, ಎಣ್ಣೆ ದಾಟಲು ಸಣ್ಣ ರಂಧ್ರ. ಹ್ಯಾಂಡಲನ್ನು ಮೆಲ್ಲಗೆ ತಿರುಗಿಸಿದರೆ ಎಣ್ಣೆ ಸರಾಗವಾಗಿ ಹರಿಯುತ್ತದೆ, ತಡೆ ಕಡಿಮೆ. ಕಲ್ಲಿಗೆ ಬಡಿದು ಹ್ಯಾಂಡಲ್ ಥಟ್ಟನೆ ಹೊರಳಿದರೆ ತಡೆ ಹಲವು ಪಟ್ಟು ಹೆಚ್ಚುತ್ತದೆ. ಕೊಳವೆಯಾಕಾರದ್ದು ಫೋರ್ಕ್ (ಮುಂದಿನ ಚಕ್ರವನ್ನು ಹಿಡಿದಿರುವ ಜೋಡಿ ಕೊಳವೆ) ಮತ್ತು ಚಾಸಿ ನಡುವೆ ಅಡ್ಡಲಾಗಿ ಕೂರುತ್ತದೆ. ದುಂಡಗಿನ ರೋಟರಿ ಮಾದರಿ ಹ್ಯಾಂಡಲ್‌ನ ನಡುವೆ, ಫೋರ್ಕಿನ ಎರಡು ಕೊಳವೆಗಳನ್ನು ಸೇರಿಸುವ ಟಿ-ಪ್ಲೇಟ್ ಮೇಲೆ ಕೂರುತ್ತದೆ. ಹಳೆಯ ಬ್ರಿಟಿಷ್ ಬೈಕುಗಳಲ್ಲಿ ಹ್ಯಾಂಡಲ್ ಮಧ್ಯೆ ಇರುತ್ತಿದ್ದ ತಿರುಗಿಸುವ ಗುಬ್ಬಿ (ನಾಬ್) ಬರೀ ಉಜ್ಜಾಟದ ಡ್ಯಾಂಪರ್. ಸೈಡ್‌ಕಾರ್ ಕಟ್ಟಿದಾಗ ಅದು ತುಂಬಾ ಉಪಯೋಗಕ್ಕೆ ಬರುತ್ತಿತ್ತು.

ಅದುರಾಟವೇ, ಓಲಾಟವೇ?

ಮೊದಲು ಇದನ್ನು ಬೇರ್ಪಡಿಸಿಕೊಳ್ಳಿ, ಮುಂದಿನ ನಿರ್ಧಾರವೆಲ್ಲ ಇದರ ಮೇಲೆ ನಿಂತಿದೆ. ಹ್ಯಾಂಡಲ್ ಮತ್ತು ಮುಂದಿನ ಚಕ್ರ ಮಾತ್ರ ಎಣಿಸಲಾಗದಷ್ಟು ವೇಗವಾಗಿ, ಸೆಕೆಂಡಿಗೆ 5ರಿಂದ 10 ಸಲ ನಡುಗಿದರೆ ಅದು ವಾಬಲ್, ಅಂದರೆ ಅದುರಾಟ. ಇಡೀ ಬೈಕು ಹಿಂಭಾಗದಿಂದ ಹಾವಿನಂತೆ ನಿಧಾನಕ್ಕೆ, ಸೆಕೆಂಡಿಗೆ ಎರಡು ಮೂರು ಸಲ ಎಡಬಲಕ್ಕೆ ಹೊಯ್ದಾಡಿದರೆ ಅದು ವೀವ್, ಅಂದರೆ ಓಲಾಟ. ಅದು ಸಾಮಾನ್ಯವಾಗಿ 100 ದಾಟಿದ ಮೇಲೆ, ಹಿಂದೆ ಭಾರ ಹೇರಿದಾಗ ಕಾಣುತ್ತದೆ.

ಡ್ಯಾಂಪರ್ ಅದುರಾಟವನ್ನು ತಗ್ಗಿಸುತ್ತದೆ. ಓಲಾಟವನ್ನು ತಗ್ಗಿಸುವುದಿಲ್ಲ. ಬಿಗಿಯಾಗಿ ಇಟ್ಟರೆ ಓಲಾಟ ಇನ್ನೂ ಹೆಚ್ಚುತ್ತದೆ, ಏಕೆಂದರೆ ಬೈಕು ಯಾವ ಕಡೆ ವಾಲುತ್ತದೋ ಆ ಕಡೆಗೆ ಹ್ಯಾಂಡಲ್ ತಾನೇ ಸ್ವಲ್ಪ ತಿರುಗಿ ಸಮತೋಲನ ಮರಳಿ ತರುತ್ತದೆ. ಆ ತಿರುಗುವಿಕೆಗೇ ಡ್ಯಾಂಪರ್ ಅಡ್ಡ ಬರುತ್ತದೆ. 1971ರಲ್ಲಿ ಬ್ರಿಟನ್ನಿನ ರಾಬಿನ್ ಶಾರ್ಪ್ ಬೈಕಿನ ಸ್ಥಿರತೆಯ ಲೆಕ್ಕಾಚಾರ ಪ್ರಕಟಿಸಿದಾಗಲೇ ಈ ಎರಡು ಮುಖವೂ ಗೊತ್ತಾಗಿತ್ತು. ಆದ್ದರಿಂದ ‘ಟಾಪ್ ಬಾಕ್ಸ್ ಹಾಕಿದ ಮೇಲೆ ಹಿಂದೆ ಆಡುತ್ತದೆ’ ಎನ್ನುವವರು ಡ್ಯಾಂಪರ್ ಅಂಗಡಿಗೆ ಹೋಗುವುದೇ ಬೇಡ.

ಪರೀಕ್ಷಿಸಲೆಂದು ಓಡುವ ಬೈಕಿನ ಹ್ಯಾಂಡಲ್‌ನಿಂದ ಎರಡೂ ಕೈ ಬಿಡಬೇಡಿ. ಅಂಗೈ ತಾಗಿಸಿಟ್ಟು ಬೆರಳು ಸಡಿಲಿಸಿದರೆ ಸಾಕು, ಅದುರು ಕೈಗೆ ತಿಳಿಯುತ್ತದೆ.

ಟಯರ್ ಮತ್ತು ರಿಮ್

ಗಾಳಿಯನ್ನು ಬೆಳಿಗ್ಗೆ, ಟಯರ್ ತಣ್ಣಗಿರುವಾಗ, ಸ್ವಂತ ಗೇಜ್‌ನಿಂದ ನೋಡಿ. ಪೆಟ್ರೋಲ್ ಬಂಕಿಗೆ ಹೋಗುವಷ್ಟರಲ್ಲಿ ಟಯರ್ ಬಿಸಿಯಾಗಿರುತ್ತದೆ. ಒಬ್ಬರಿಗೆ ಎಷ್ಟು, ಇಬ್ಬರು ಮತ್ತು ಲಗೇಜಿಗೆ ಎಷ್ಟು ಎಂದು ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್‌ಆರ್ಮ್ ಅಥವಾ ಚೈನ್ ಕವರ್ ಮೇಲಿನ ಸ್ಟಿಕ್ಕರ್‌ನಲ್ಲಿ ಬೇರೆ ಬೇರೆಯಾಗಿ ಬರೆದಿರುತ್ತದೆ. ಲಗೇಜ್ ಹೇರಿಯೂ ಒಬ್ಬರ ಲೆಕ್ಕದ ಗಾಳಿಯಲ್ಲೇ ಹೊರಡುವವರು ಬಹಳ ಮಂದಿ.

ಮುಂದಿನ ಟಯರ್ ಮೇಲೆ ಅಂಗೈಯನ್ನು ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ಸವರಿ. ಒಂದು ಕಡೆಗೆ ನಯವಾಗಿ, ಇನ್ನೊಂದು ಕಡೆಗೆ ಗರಗಸದ ಹಲ್ಲಿನಂತೆ ತಾಗಿದರೆ ಬ್ಲಾಕುಗಳು ಓರೆಯಾಗಿ ಸವೆದಿವೆ. ದೊಡ್ಡ ಬ್ಲಾಕಿನ ಡ್ಯುಯಲ್ ಪರ್ಪಸ್ ಟಯರುಗಳಲ್ಲಿ ಇದು ಬೇಗ ಬರುತ್ತದೆ. 60–70ರ ಅದುರಿಗೆ ಇದೊಂದೇ ಕಾರಣ ಸಾಕು. ಹಾಗೆ ಸವೆದ ಟಯರ್ ಯಾವ ಬ್ಯಾಲೆನ್ಸಿಂಗಿಗೂ ಸರಿಹೋಗದು, ಬದಲಿಸಬೇಕು.

ಆಮೇಲೆ ಚಕ್ರ ಎತ್ತಿ ತಿರುಗಿಸಿ. ಫೋರ್ಕ್‌ಗೆ ಒಂದು ಕಡ್ಡಿ ಕಟ್ಟಿ ಅದರ ತುದಿ ರಿಮ್ಮಿಗೆ ತಾಗುವಂತಿಟ್ಟರೆ ಬೆಂಡ್ ಕಣ್ಣಿಗೆ ಕಾಣುತ್ತದೆ. ಬಹುತೇಕ ಸರ್ವಿಸ್ ಮ್ಯಾನ್ಯುಯಲ್‌ಗಳಲ್ಲಿ ಮಿತಿ 2 ಮಿ.ಮೀ. ಸ್ಪೋಕ್ ಚಕ್ರವಾದರೆ ಒಂದೊಂದನ್ನೂ ಸಣ್ಣ ಸ್ಪ್ಯಾನರ್‌ನಿಂದ ತಟ್ಟಿ. ಉಳಿದವು ಟಣ್ ಎನ್ನುವಾಗ ಒಂದು ಮಂಕಾಗಿ ಸದ್ದು ಮಾಡಿದರೆ ಅದು ಸಡಿಲಾಗಿದೆ. ಪಂಚರ್ ಹಾಕಿಸಿದಾಗ ರಿಮ್ಮಿಗೆ ಅಂಟಿಸಿದ್ದ ಬ್ಯಾಲೆನ್ಸ್ ತೂಕ ಉದುರಿಹೋಗಿದೆಯೇ ಎಂದೂ ನೋಡಿ. ಮೊದಲಿದ್ದ ಜಾಗದಲ್ಲಿ ಅಂಟಿನ ಗುರುತು ಉಳಿದಿರುತ್ತದೆ.

ಕೋನ್ ಸೆಟ್: ಬಹುಪಾಲು ಕಳ್ಳ ಇಲ್ಲೇ

ಮೆಕ್ಯಾನಿಕ್‌ಗಳು ಕೋನ್ ಸೆಟ್ ಎನ್ನುವ ಸ್ಟಿಯರಿಂಗ್ ಹೆಡ್ ಬೇರಿಂಗನ್ನು ನಮ್ಮ ಊರಿನ ಗುಂಡಿಗಳೂ ವಾಟರ್ ಸರ್ವಿಸಿನ ಪ್ರೆಷರ್ ಗನ್ನೂ ಸೇರಿ ಹಾಳುಮಾಡುತ್ತವೆ. ಗನ್ ನೀರು ಗ್ರೀಸನ್ನು ತೊಳೆದು ಹಾಕುತ್ತದೆ, ಒಣಗಿದ ಗೋಲಿಗಳು ಗುಂಡಿಯ ಪೆಟ್ಟಿಗೆ ರೇಸಿನಲ್ಲಿ, ಅಂದರೆ ತಾವು ಉರುಳುವ ಉಕ್ಕಿನ ಬಳೆಯಲ್ಲಿ, ಹಳ್ಳ ಕೊರೆಯುತ್ತವೆ.

ಬೈಕನ್ನು ನಡು ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಮುಂದಿನ ಚಕ್ರ ನೆಲ ಬಿಡುವಂತೆ ಮಾಡಿ. ನಡು ಸ್ಟ್ಯಾಂಡ್ ಇಲ್ಲದಿದ್ದರೆ ಹಿಂದೆ ಪ್ಯಾಡಾಕ್ ಸ್ಟ್ಯಾಂಡ್ ಹಾಕಿ, ಎಂಜಿನ್ ಕೆಳಗೆ ಮರದ ತುಂಡಿಟ್ಟು ಜಾಕ್ ಕೊಡಿ. ಜಾಕ್ ನೇರವಾಗಿ ಆಯಿಲ್ ಫಿಲ್ಟರ್ ಮುಚ್ಚಳಕ್ಕಾಗಲಿ ಎಕ್ಸಾಸ್ಟ್ ಕೊಳವೆಗಾಗಲಿ ಒತ್ತಬಾರದು. ಮುಂದೆ ಕುಳಿತು ಎರಡೂ ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಜಗ್ಗಿ. ಇನ್ನೊಬ್ಬರು ಕೆಳ ಟಿ ಮತ್ತು ಚಾಸಿ ಸೇರುವ ಕಡೆ ಬೆರಳಿಟ್ಟಿರಲಿ. ‘ಟಕ್’ ಎಂದು ಅಲ್ಲಿ ತಾಗಿದರೆ ಕೋನ್ ಸೆಟ್ ಸಡಿಲ. ಸದ್ದು ಫೋರ್ಕಿನ ಮಧ್ಯದಿಂದ ಬಂದರೆ ಅದು ಫೋರ್ಕ್ ಬುಷ್, ಬೇರೆ ಕೆಲಸ.

ಈಗ ಹ್ಯಾಂಡಲನ್ನು ನೇರಕ್ಕೆ ತಂದು ಒಂದು ಬೆರಳಿನಿಂದ ಎಡಕ್ಕೆ ತಟ್ಟಿ. ತಾನಾಗಿ ಕೊನೆಯವರೆಗೆ ಬೀಳಬೇಕು. ಬಲಕ್ಕೂ ಹಾಗೆಯೇ. ನಡುವೆ ನಿಂತರೆ ಅತಿ ಬಿಗಿ, ಇಲ್ಲವೇ ಕೇಬಲ್ ಅಡ್ಡ ಬರುತ್ತಿದೆ. ಸರಿಯಾಗಿ ನಡುವಿನಲ್ಲಿ ‘ಕಟ್’ ಎಂದು ಕಚ್ಚಿಕೊಂಡಂತೆ ಅನಿಸಿದರೆ ರೇಸಿನಲ್ಲಿ ಹಳ್ಳ ಬಿದ್ದಿದೆ. ಅದನ್ನು ಬಿಗಿಮಾಡಿ ಸರಿಪಡಿಸಲಾಗದು. ಗೋಲಿ, ಮೇಲಿನ ರೇಸು, ಕೆಳಗಿನ ರೇಸು ಮೂರನ್ನೂ ಸೆಟ್ಟಾಗಿಯೇ ಬದಲಿಸಬೇಕು. ನಿಮ್ಮ ಬೈಕಿಗೆ ಟೇಪರ್ ರೋಲರ್ (ಗೋಲಿಯ ಬದಲು ಓರೆ ಉರುಳೆಗಳಿರುವ ಬೇರಿಂಗ್) ಸಿಗುವುದಾದರೆ ಅದನ್ನೇ ಹಾಕಿಸಿ. ಗೋಲಿ ಚುಕ್ಕೆಯಷ್ಟು ಜಾಗದಲ್ಲಿ ಭಾರ ಹೊತ್ತರೆ ರೋಲರ್ ಗೆರೆಯುದ್ದಕ್ಕೂ ಹೊರುತ್ತದೆ, ಗುಂಡಿಯ ಪೆಟ್ಟು ತಡೆಯುತ್ತದೆ.

ಸಡಿಲಷ್ಟೇ ಆಗಿದ್ದರೆ ಮೇಲಿನ ಟಿಯ ಫೋರ್ಕ್ ಬೋಲ್ಟುಗಳನ್ನೂ ನಡುವಿನ ದೊಡ್ಡ ನಟ್ಟನ್ನೂ ಸಡಿಲಿಸಿ, ಕೆಳಗಿನ ಹಲ್ಲಿನ ಉಂಗುರವನ್ನು ಸಿ-ಸ್ಪ್ಯಾನರ್‌ನಿಂದ ಎಂಟನೆಯ ಒಂದು ಸುತ್ತಿಗಿಂತ ಹೆಚ್ಚಿಲ್ಲದಂತೆ ತಿರುಗಿಸುತ್ತಾ ನೋಡಿ. ಪ್ರತಿ ಸಲ ಹ್ಯಾಂಡಲನ್ನು ಎರಡೂ ಕಡೆಗೆ ನಾಲ್ಕೈದು ಬಾರಿ ತಿರುಗಿಸಿ ಗೋಲಿಗಳನ್ನು ಕೂರಿಸಿ. ಮೇಲಿನ ನಟ್ ಬಿಗಿದಾಗ ಬೇರಿಂಗ್ ಇನ್ನೂ ಸ್ವಲ್ಪ ಬಿಗಿಯುತ್ತದೆ. ಆದ್ದರಿಂದ ಎಲ್ಲ ಬಿಗಿದ ಮೇಲೆ ಜಗ್ಗುವ ಪರೀಕ್ಷೆ, ಬೀಳುವ ಪರೀಕ್ಷೆ ಎರಡನ್ನೂ ಮತ್ತೆ ಮಾಡಲೇಬೇಕು. ಅವಸರದ ಸರ್ವಿಸಿನಲ್ಲಿ ತಪ್ಪಿಹೋಗುವುದು ಇದೇ. ಹೊಸ ಸೆಟ್ 500–1,000 ಕಿ.ಮೀ. ಓಡಿದ ಮೇಲೆ ಕೂತುಕೊಂಡು ಸಡಿಲವಾಗುತ್ತದೆ, ಆಗ ಇನ್ನೊಮ್ಮೆ ನೋಡಿಸಿ.

ಹಿಂಭಾಗ ಮತ್ತು ಲಗೇಜು

ಹಿಂದಿನ ಚಕ್ರ ಹಿಡಿದು ಎಡಬಲಕ್ಕೆ ಅಲ್ಲಾಡಿಸಿ: ಆಟ ಇದ್ದರೆ ವೀಲ್ ಬೇರಿಂಗ್ ಅಥವಾ ಸ್ವಿಂಗ್‌ಆರ್ಮ್ ಬುಷ್. ಚೈನ್ ಬಿಗಿದ ಮೇಲೆ ಎರಡೂ ಕಡೆಯ ಗುರುತು ಸಮ ಇದೆಯೇ ನೋಡಿ, ಗುರುತಿನ ಮೇಲೆ ನಂಬಿಕೆ ಇಲ್ಲದಿದ್ದರೆ ಎರಡೂ ಚಕ್ರಗಳ ಪಕ್ಕ ದಾರ ಎಳೆದು ಅಳೆಯಿರಿ.

ಲಗೇಜಿನ ವಿಷಯ ಮಾತ್ರ ಹಗುರವಾಗಿ ಬಿಡುವಂಥದ್ದಲ್ಲ. ಹಿಂದಿನ ಆಕ್ಸಲ್‌ಗಿಂತ ಹಿಂದೆ ಇಟ್ಟ ಭಾರ ಮುಂದಿನ ಚಕ್ರವನ್ನು ಎತ್ತುತ್ತದೆ, ಹಗುರಾದ ಮುಂಭಾಗ ಅದುರುತ್ತದೆ. ಎತ್ತರದಲ್ಲಿರುವ ಪೆಟ್ಟಿಗೆ ಗಾಳಿಗೆ ಹಾಯಿಯಾಗುತ್ತದೆ. ಹಿರಿಯೂರು–ಚಿತ್ರದುರ್ಗದ ಗಾಳಿಯಂತ್ರಗಳ ನಡುವೆ ಆಷಾಢದ ಗಾಳಿಯಲ್ಲಿ ಹೋದವರಿಗೆ ಇದನ್ನು ವಿವರಿಸಬೇಕಿಲ್ಲ. ಟೂಲ್, ನೀರು, ಬಿಡಿಭಾಗಗಳಂಥ ತೂಕದ ವಸ್ತು ಸೈಡ್ ಬಾಕ್ಸಿನ ತಳದಲ್ಲಿ, ಮುಂದಿನ ಮೂಲೆಯಲ್ಲಿ ಅಥವಾ ಟ್ಯಾಂಕ್ ಬ್ಯಾಗಿನಲ್ಲಿರಲಿ. ಟಾಪ್ ಬಾಕ್ಸಿಗೆ ಮಳೆ ಅಂಗಿ, ಸ್ಲೀಪಿಂಗ್ ಬ್ಯಾಗ್ ಸಾಕು. ಎಡ ಬಲ ಪೆಟ್ಟಿಗೆಗಳನ್ನು ಸ್ನಾನದ ಮನೆಯ ತೂಕದ ಯಂತ್ರದ ಮೇಲಿಟ್ಟು ಒಂದು ಕಿಲೋ ಒಳಗಿನ ವ್ಯತ್ಯಾಸಕ್ಕೆ ತನ್ನಿ.

ಆಮೇಲೆ ಹಿಂದಿನ ಶಾಕ್ ಕುಸಿತ ಅಳೆಯಿರಿ. ಹಿಂದಿನ ಚಕ್ರ ನೆಲ ಬಿಟ್ಟಿರುವಾಗ ಆಕ್ಸಲ್‌ನಿಂದ ನೇರ ಮೇಲೆ ಒಂದು ಗುರುತಿನವರೆಗೆ ಅಳತೆ ತೆಗೆಯಿರಿ. ಲಗೇಜ್ ಹೇರಿ, ಜಾಕೆಟ್ ಹೆಲ್ಮೆಟ್ ಸಮೇತ ಕುಳಿತು ಮತ್ತೆ ಅಳೆಸಿ. ವ್ಯತ್ಯಾಸವು ಚಕ್ರ ಮೇಲೆ ಕೆಳಗೆ ಚಲಿಸಬಲ್ಲ ದೂರದ, ಅಂದರೆ ಒಟ್ಟು ಟ್ರಾವೆಲ್‌ನ ಮೂರನೆಯ ಒಂದರಷ್ಟಿರಬೇಕು. ರಾಯಲ್ ಎನ್‌ಫೀಲ್ಡ್‌ನ ಹಳೆಯ 411 ಸಿಸಿ ಹಿಮಾಲಯನ್‌ಗೆ ಹಿಂದೆ 180 ಮಿ.ಮೀ. ಟ್ರಾವೆಲ್, ಅಂದರೆ 60 ಮಿ.ಮೀ. ಆಸುಪಾಸು. ಹೆಚ್ಚು ಕುಸಿದರೆ ಪ್ರೀಲೋಡ್, ಅಂದರೆ ಸ್ಪ್ರಿಂಗಿನ ಆರಂಭದ ಬಿಗಿತ, ಏರಿಸಿ.

ಎಲ್ಲಕ್ಕಿಂತ ಉಪಯುಕ್ತ ಪರೀಕ್ಷೆಗೆ ಖರ್ಚೇ ಇಲ್ಲ: ಟಾಪ್ ಬಾಕ್ಸ್ ಬಿಚ್ಚಿ ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಹೋಗಿ ನೋಡಿ. ಹ್ಯಾಂಡಲ್‌ಗೇ ಕಟ್ಟುವ ಎತ್ತರದ ವಿಂಡ್‌ಶೀಲ್ಡ್ ಇದ್ದರೆ ಅದನ್ನೂ ಒಮ್ಮೆ ತೆಗೆದು ನೋಡಿ. ಲಾರಿ ಹಿಂದಿನ ಗಾಳಿಯ ಹೊಡೆತವನ್ನು ಅದು ನೇರ ಸ್ಟಿಯರಿಂಗಿಗೇ ಕೊಡುತ್ತದೆ.

ಹಾಗಾದರೆ ಯಾರಿಗೆ ಬೇಕು?

ಕಂಪನಿಗಳೇ ಡ್ಯಾಂಪರ್ ಹಾಕಿದ ಉದಾಹರಣೆಗಳಿವೆ. ಸುಜುಕಿ ಟಿಎಲ್1000ಎಸ್ ಬೈಕುಗಳನ್ನು 1997ರಲ್ಲಿ ವಾಪಸ್ ಕರೆದು ಡ್ಯಾಂಪರ್ ಕೂರಿಸಲಾಯಿತು. ಹೋಂಡಾ 2004ರ ಸಿಬಿಆರ್1000ಆರ್‌ಆರ್‌ಗೆ ವೇಗಕ್ಕೆ ತಕ್ಕಂತೆ ಬಿಗಿಯಾಗುವ ಎಲೆಕ್ಟ್ರಾನಿಕ್ ಡ್ಯಾಂಪರ್ ಕೊಟ್ಟಿತು. ಟೂರಿಂಗ್ ಬೈಕಿನಲ್ಲೇ ಬೇಕೆಂದರೆ ಬಿಎಂಡಬ್ಲ್ಯುನ ನೀರು ತಂಪಿನ ಆರ್ 1200 ಜಿಎಸ್ 2013ರಲ್ಲಿ ಡ್ಯಾಂಪರ್ ಇಲ್ಲದೆ ಬಂತು, 2014ರ ಮಾದರಿಗೆ ಸೇರಿಸಿದರು. ಬಲವಾದ ಎಂಜಿನ್, ಅಗಲ ಹ್ಯಾಂಡಲ್, ವೇಗ ಏರಿಸುವಾಗ ಮುಂದಿನ ಚಕ್ರ ಹಗುರಾಗುವ ಸ್ವಭಾವ ಇರುವ ದೊಡ್ಡ ಬೈಕುಗಳ ಕಥೆ ಇದು.

ನಮ್ಮ ಮಧ್ಯಮ ಬೈಕುಗಳಲ್ಲಿ ಡ್ಯಾಂಪರ್ ಸಾರ್ಥಕವಾಗುವುದು ಹೆಚ್ಚಾಗಿ ಡಾಂಬರಿನ ಆಚೆಗೆ. ಸ್ಪಿತಿ, ಲಡಾಖಿನಂಥ ಕಡೆ ದಿನಗಟ್ಟಲೆ ಜಲ್ಲಿ, ಮರಳು, ಉರುಟು ಕಲ್ಲಿನ ಮೇಲೆ ಓಡಿಸುವವರಿಗೆ, ಭುಜ ಅಥವಾ ಮಣಿಕಟ್ಟಿನ ನೋವಿರುವವರಿಗೆ ಅದು ಕಲ್ಲಿನ ಹೊಡೆತ ತಡೆದು ದಣಿವು ಕಡಿಮೆ ಮಾಡುತ್ತದೆ. ವಾರವಿಡೀ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಓಡಿ, ತಿಂಗಳಿಗೊಮ್ಮೆ ಸಕಲೇಶಪುರಕ್ಕೆ ಹೋಗುವ ಬೈಕಿಗೆ ಅದು ಹೊರೆ. ನಡಿಗೆಯ ವೇಗದಲ್ಲಿ ಸಮತೋಲನಕ್ಕೆ ಹ್ಯಾಂಡಲ್ ಸದಾ ಸಣ್ಣಗೆ ಆಡುತ್ತಿರಬೇಕು. ಡ್ಯಾಂಪರ್ ಅದನ್ನು ಭಾರ ಮಾಡುತ್ತದೆ.

ಹಾಕಿಸುವುದೇ ಆದರೆ

ನಿಮ್ಮ ಮಾದರಿಗೇ ಮಾಡಿದ ಬ್ರಾಕೆಟ್ ಇರುವ ಕಿಟ್ ಕೊಳ್ಳಿ. ಓಲಿನ್ಸ್, ಹೈಪರ್‌ಪ್ರೊ, ಸ್ಕಾಟ್ಸ್, ಜಿಪಿಆರ್ ಹೆಸರುವಾಸಿ. ಎಲ್ಲ ಬೈಕಿಗೂ ಆಗುತ್ತದೆ ಎಂದು ಮಾರುವ ಅಗ್ಗದ ಕೊಳವೆಗಳಲ್ಲಿ ದಿಕ್ಕು ಬದಲಾಗುವಾಗ ತಡೆಯೇ ಇಲ್ಲದ ಖಾಲಿ ಜಾಗ ಇರುತ್ತದೆ, ಬೇಗ ಎಣ್ಣೆಯೂ ಸೋರುತ್ತದೆ. ಸಣ್ಣ ಅದುರು ಹುಟ್ಟುವುದೇ ಆ ಖಾಲಿ ಜಾಗದಲ್ಲಾದ್ದರಿಂದ ಅದು ಇದ್ದೂ ಇಲ್ಲದಂತೆ. ಚಾಸಿಗೆ ವೆಲ್ಡ್ ಮಾಡಿಸುವುದು, ತೂತು ಕೊರೆಸುವುದು ಬೇಡ. ಚಾಸಿಯ ಬಲ ಹೋಗುತ್ತದೆ, ವಾರಂಟಿಯೂ ಹೋಗುತ್ತದೆ.

ಫೋರ್ಕ್ ಕ್ಲ್ಯಾಂಪಿನ ಒಳ ಅಳತೆ ಕೊಳವೆಯ ಅಳತೆಗೆ ಸರಿಯಾಗಿರಬೇಕು. 411 ಹಿಮಾಲಯನ್‌ಗೆ 41, ಕೆಟಿಎಂ 390 ಅಡ್ವೆಂಚರ್‌ಗೆ 43 ಮಿ.ಮೀ. ಸಡಿಲವೆಂದು ರಬ್ಬರ್ ಸುತ್ತಿ ಬಿಗಿಯಬೇಡಿ. ಟಾರ್ಕ್ ರೆಂಚ್ ಇಲ್ಲದೆ ಎಳೆದು ಬಿಗಿದರೆ ಫೋರ್ಕ್ ಕೊಳವೆ ಅಂಡಾಕಾರಕ್ಕೆ ತಿರುಗಿ ಸಸ್ಪೆನ್ಷನ್ ಕಚ್ಚಿಕೊಳ್ಳುತ್ತದೆ. ಬೋಲ್ಟುಗಳಿಗೆ, ಸಡಿಲಾಗದಂತೆ ಹಿಡಿಯುವ ಅಂಟಾದ ಮಧ್ಯಮ ಬಲದ ನೀಲಿ ಥ್ರೆಡ್‌ಲಾಕ್ ಹಾಕಿ.

ಕೂರಿಸಿದ ಮೇಲೆ ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಎರಡೂ ಕಡೆ ಚಾಸಿಯ ಸ್ಟಾಪರ್ ಮೊದಲು ತಾಗಬೇಕು, ಆಗಲೂ ಡ್ಯಾಂಪರಿನ ರಾಡಿನಲ್ಲಿ 3–5 ಮಿ.ಮೀ. ಉಳಿದಿರಬೇಕು. ರಾಡೇ ಮೊದಲು ಮುಗಿದರೆ ಯೂ-ಟರ್ನ್‌ನಲ್ಲಿ ಹ್ಯಾಂಡಲ್ ಅರ್ಧಕ್ಕೇ ನಿಂತು ಬೈಕು ಬೀಳುತ್ತದೆ, ಬ್ರಾಕೆಟ್ಟೂ ಮುರಿಯುತ್ತದೆ. ಫೋರ್ಕ್ ಪೂರ್ತಿ ಒತ್ತಿದಾಗ ಡ್ಯಾಂಪರ್ ಟ್ಯಾಂಕಿಗೆ, ರೇಡಿಯೇಟರಿಗೆ, ಬ್ರೇಕ್ ಹೋಸಿಗೆ ತಾಗುತ್ತದೆಯೇ ನೋಡಿ.

ಹೊಂದಾಣಿಕೆಯ ಗುಬ್ಬಿಯನ್ನು ಅತಿ ಸಡಿಲಕ್ಕೆ ತಿರುಗಿಸಿ ಅಲ್ಲಿಂದ ಆರಂಭಿಸಿ. ಖಾಲಿ ಜಾಗದಲ್ಲಿ ನಡಿಗೆಯ ವೇಗದಲ್ಲಿ ಎಂಟಂಕಿ ಹಾಕಿ. ಎರಡೆರಡು ಕ್ಲಿಕ್ ಏರಿಸುತ್ತಾ ಹೋಗಿ, ನಿಧಾನ ವೇಗದಲ್ಲಿ ಬೈಕು ಕುಡಿದವನಂತೆ ಅತ್ತಿತ್ತ ಹೋಗತೊಡಗಿದರೆ ಎರಡು ಕ್ಲಿಕ್ ಹಿಂದಕ್ಕೆ ಬನ್ನಿ. ಊರಿಗೊಂದು, ಜಲ್ಲಿ ರಸ್ತೆಗೊಂದು ಸಂಖ್ಯೆ ಬರೆದಿಟ್ಟುಕೊಳ್ಳಿ. ತಿಂಗಳಿಗೊಮ್ಮೆ ರಾಡಿನ ಸೀಲ್ ಬಳಿ ಎಣ್ಣೆ ಜಿನುಗಿದೆಯೇ ಎಂದು ಬಟ್ಟೆಯಿಂದ ಒರೆಸಿ ನೋಡಿ.

ಡ್ಯಾಂಪರ್ ಇರಲಿ ಇಲ್ಲದಿರಲಿ, ಓಡುವಾಗ ಹ್ಯಾಂಡಲ್ ಜೋರಾಗಿ ಅದುರಿದರೆ ಕೈ ಬಿಗಿಯಬೇಡಿ. ಬಿಗಿದ ತೋಳು ಅದುರನ್ನು ಬೈಕಿಗೆಲ್ಲ ಹರಡುತ್ತದೆ. ಮುಂದಿನ ಬ್ರೇಕ್ ಹಿಡಿದರೆ ಮುಂದಿನ ಚಕ್ರದ ಮೇಲಿನ ಹೊರೆ ಥಟ್ಟನೆ ಬದಲಾಗಿ ಇನ್ನೂ ಕೆಡುತ್ತದೆ. ಮೊಣಕಾಲುಗಳಿಂದ ಟ್ಯಾಂಕ್ ಅದುಮಿ, ಮೈಯನ್ನು ಮುಂದಕ್ಕೆ ಬಾಗಿಸಿ, ಆಕ್ಸಿಲರೇಟರನ್ನು ಮೆಲ್ಲಗೆ ಇಳಿಸಿ. ವೇಗ ಇಳಿದು ಅದುರು ನಿಂತ ಮೇಲೆ ರಸ್ತೆಯ ಎಡಕ್ಕೆ ನಿಲ್ಲಿಸಿ, ಮುಂದಿನ ಟಯರಿನ ಗಾಳಿ, ಮುಂದಿನ ಆಕ್ಸಲ್ ನಟ್ಟು, ಲಗೇಜಿನ ಕಟ್ಟು ಈ ಮೂರನ್ನೂ ನೋಡಿಕೊಂಡೇ ಹೊರಡಿ.