ಕನ್‌ಸ್ಟ್ರಕ್ಟರ್ ಬರೆದರೂ ಸ್ಥಿತಿ ಖಾಲಿ: ಒರಾಕಲ್ ಜೊತೆ ನನ್ನ ಅನುಭವ

ತಿಂಗಳ ಕೊನೆಯ ವರದಿಯಲ್ಲಿ 11 ರಸೀದಿ ಕಮ್ಮಿ ಬಂತು. ಒರಾಕಲ್ ಡೇಟಾಬೇಸಿನ ಟೇಬಲ್‌ನಲ್ಲಿ ಎಣಿಸಿದರೆ ಲೆಕ್ಕ ಸರಿಯಾಗೇ ಇತ್ತು. ಹುಡುಕಿದಾಗ ಗೊತ್ತಾಯಿತು, ಆ ಹನ್ನೊಂದರಲ್ಲೂ ‘ಸ್ಥಿತಿ’ ನಲ್, ಅಂದರೆ ಏನೂ ತುಂಬದ ಖಾಲಿ. ವರದಿ ಎಣಿಸುತ್ತಿದ್ದದ್ದು ‘ಹೊಸದು’ ಮತ್ತು ‘ಪಾವತಿ’ ಮಾತ್ರ. ನಲ್ ಎರಡರಲ್ಲೂ ಸೇರಲ್ಲ, ಅಲ್ವಾ?

ರಸೀದಿಗೆ ನಾವು ಒಂದು ಆಬ್ಜೆಕ್ಟ್ ಟೈಪ್, ಅಂದರೆ ಹಲವು ಮೌಲ್ಯಗಳನ್ನು ಒಟ್ಟಿಗೆ ಹಿಡಿಯುವ ಅಚ್ಚು, ಮಾಡಿಕೊಂಡಿದ್ದೆವು. ಅದರ ಆಟ್ರಿಬ್ಯೂಟ್‌ಗಳು (ಒಳಗಿನ ಅಂಶಗಳು) ಸಂಖ್ಯೆ, ದಿನಾಂಕ, ಸ್ಥಿತಿ, ಇಷ್ಟೇ. ಮಾಮೂಲಿ ಟೇಬಲ್‌ನ ಕಾಲಂ ಆಗಿದ್ದರೆ ಡಿಫಾಲ್ಟ್ (ಏನೂ ಕೊಡದಿದ್ದರೆ ತಾನಾಗೇ ಬರುವ ಮೌಲ್ಯ) ಬರೆದು ಕೈತೊಳೆದುಕೊಳ್ಳಬಹುದಿತ್ತು. ಟೈಪಿನ ಆಟ್ರಿಬ್ಯೂಟ್‌ಗೆ ಡಿಫಾಲ್ಟ್ ಕೊಡಲು ಒರಾಕಲ್ ಬಿಡಲ್ಲ. ಟೈಪ್ ಮಾಡಿದ ಕೂಡಲೇ ಅದು ತಾನಾಗೇ ಒಂದು ಕನ್‌ಸ್ಟ್ರಕ್ಟರ್, ಅಂದರೆ ಆ ಟೈಪಿನ ಆಬ್ಜೆಕ್ಟ್ ಕಟ್ಟಿಕೊಡುವ ಫಂಕ್ಷನ್, ಕೊಡುತ್ತದೆ, ನಿಜ. ಆದರೆ ನಾವು ಕೊಟ್ಟಿದ್ದನ್ನು ಅದು ಸುಮ್ನೆ ತುಂಬುತ್ತದೆ. ನಲ್ ಕೊಟ್ಟರೆ ನಲ್.

ಒರಾಕಲ್‌ನ 9ಐ ರಿಲೀಸ್ 2 ಆವೃತ್ತಿಯಿಂದ ನಮ್ಮದೇ ಕನ್‌ಸ್ಟ್ರಕ್ಟರ್ ಬರೆಯಬಹುದು. ಸಂಖ್ಯೆ ಒಂದನ್ನೇ ತೆಗೆದುಕೊಂಡು, ದಿನಾಂಕಕ್ಕೆ ಸಿಸ್‌ಡೇಟ್ (ಆ ಹೊತ್ತಿನ ದಿನಾಂಕ), ಸ್ಥಿತಿಗೆ ‘ಹೊಸದು’ ತುಂಬುವಂಥದ್ದು ಬರೆದೆ. ಟೈಪಿನ ಮೇಲೆ ಆಗಲೇ ಟೇಬಲ್ ಇದ್ದದ್ದರಿಂದ ಕ್ರಿಯೇಟ್ ಆರ್ ರಿಪ್ಲೇಸ್‌ಗೆ ಓರಾ-02303 ದೋಷ ಬಂತು, ಬಳಕೆಯಲ್ಲಿರುವ ಟೈಪನ್ನು ಬದಲಿಸಲಾಗದು ಅಂತ. ಆಲ್ಟರ್ ಟೈಪ್ ಜೊತೆಗೆ ಕ್ಯಾಸ್ಕೇಡ್ (ಬದಲಾವಣೆ ಟೈಪನ್ನು ಬಳಸುವವಕ್ಕೂ ತಲುಪಲಿ ಅಂತ) ಹಾಕಿ ಸೇರಿಸಿದೆ, ಆಮೇಲೆ ಬಾಡಿ, ಅಂದರೆ ಕೋಡ್ ಇರುವ ಭಾಗ, ಹೊಸದಾಗಿ ಬರೆದೆ. ಪರೀಕ್ಷೆ ಮಾಡಿದೆ, ಚೆನ್ನಾಗಿ ಕೆಲಸ ಮಾಡಿತು. ಮುಗೀತು ಅಂದುಕೊಂಡೆ.

ಮರುದಿನ ಬೆಳಿಗ್ಗೆ ನೋಡಿದರೆ ಇನ್ನೆರಡು ನಲ್! ರಾತ್ರಿ ಓಡುವ ಒಂದು ಹಳೇ ಜಾಬ್ ಮೂರೂ ಮೌಲ್ಯ ಕೊಟ್ಟು ಒರಾಕಲ್‌ನ ಕನ್‌ಸ್ಟ್ರಕ್ಟರನ್ನೇ ಕರೆಯುತ್ತಿತ್ತು, ಮೂರನೆಯದು ನಲ್. ನಾನು ಬರೆದದ್ದು ಹಳೆಯದರ ಪಕ್ಕದಲ್ಲಿ ಕೂತಿತ್ತೇ ಹೊರತು ಅದನ್ನು ಎಬ್ಬಿಸಿರಲಿಲ್ಲ.

ಸರಿ, ಮೂರು ಪ್ಯಾರಾಮೀಟರ್‌ನದ್ದೂ (ಮೂರು ಮೌಲ್ಯ ತೆಗೆದುಕೊಳ್ಳುವಂಥದ್ದು) ಒಂದು ಬರೆದೆ. ಪ್ಯಾರಾಮೀಟರ್ ಹೆಸರಿನ ಮುಂದೆ ‘ಪಿ’ ಹಚ್ಚುವುದು ನನ್ನ ಹಳೇ ಚಟ. ಜಾಬ್ ಕಂಪೈಲ್ ಆಗಲೇ ಇಲ್ಲ. ಪಿಎಲ್‌ಎಸ್-00307, ಅಂದರೆ ಈ ಕರೆಗೆ ಹೊಂದುವವು ಒಂದಕ್ಕಿಂತ ಜಾಸ್ತಿ ಇವೆ, ಯಾವುದನ್ನು ತಗೊಳ್ಳಲಿ ಅಂತ. ಅರ್ಧ ದಿನ ಇದರಲ್ಲೇ ಹೋಯಿತು. ನಮ್ಮ ಪ್ಯಾರಾಮೀಟರ್‌ಗಳ ಹೆಸರು, ಬಗೆ ಎರಡೂ ಆಟ್ರಿಬ್ಯೂಟ್‌ಗಳಂತೆಯೇ ಇದ್ದರೆ ಮಾತ್ರ ಒರಾಕಲ್ ತನ್ನ ಕನ್‌ಸ್ಟ್ರಕ್ಟರನ್ನು ಮರೆಮಾಡುತ್ತದೆ. ಹೆಸರೂ ಲೆಕ್ಕಕ್ಕೆ ಬರುತ್ತದೆ ಅಂತ ನನಗೆ ಹೊಳೆದೇ ಇರಲಿಲ್ಲ. ‘ಪಿ’ ಕಿತ್ತುಹಾಕಿದೆ. ಒಳಗೆ ಎರಡಕ್ಕೂ ಒಂದೇ ಹೆಸರಾದ್ದರಿಂದ ಆಟ್ರಿಬ್ಯೂಟ್‌ನ ಮುಂದೆ ಸೆಲ್ಫ್ ಡಾಟ್ (ಈ ಆಬ್ಜೆಕ್ಟಿನದು ಅಂತ) ಹಾಕಿ, ಬಲಗಡೆ ಎನ್‌ವಿಎಲ್‌ನಲ್ಲಿ (ನಲ್ ಇದ್ದರೆ ಬದಲಿ ಮೌಲ್ಯ ಕೊಡುವ ಫಂಕ್ಷನ್) ಸ್ಥಿತಿ ಮತ್ತು ‘ಹೊಸದು’ ಕೊಟ್ಟೆ. ಕೊನೆಯಲ್ಲಿ ಬರಿಯ ರಿಟರ್ನ್. ಜಾಬ್‌ನ ಒಂದು ಸಾಲೂ ಮುಟ್ಟದೆ ಎಲ್ಲ ಸರಿಹೋಯಿತು.

ಇದನ್ನೆಲ್ಲ ನೋಡಿದ ಸಹೋದ್ಯೋಗಿಯೊಬ್ಬರು ಇನ್ನು ವೇರಿಯೇಬಲ್ ಘೋಷಿಸಿದರೆ ಸಾಕು ಅಂದುಕೊಂಡರು. ಓರಾ-06530 ದೋಷ ಬಂತು. ಘೋಷಿಸಿದ ಮಾತ್ರಕ್ಕೆ ಆಬ್ಜೆಕ್ಟ್ ಹುಟ್ಟಲ್ಲ, ಇಡೀ ವೇರಿಯೇಬಲ್ಲೇ ನಲ್ ಆಗಿ ಬಿದ್ದಿರುತ್ತದೆ. ಕನ್‌ಸ್ಟ್ರಕ್ಟರನ್ನು ಹೆಸರು ಹಿಡಿದು ಕರೆದರೇ ಅದು ಓಡುವುದು.

ಟೇಬಲ್‌ನಿಂದ ಓದಿದಾಗಲೂ ಅದು ಓಡಲ್ಲ, ಆಗಲೇ ನಲ್ ಆಗಿ ಕೂತಿದ್ದವು ಹಾಗೇ ಬರುತ್ತವೆ. ಅವಕ್ಕೆ ಒಂದು ಅಪ್‌ಡೇಟ್ ಓಡಿಸಿದೆ. 13 ಸಾಲು ಬದಲಾದವು.